ಮಾಸ್ತಿಗಲ್ಲಿನ ಅಂಗೈ

ಮ್ಯೂಸಿಯಂ ಬಾಗಿಲಿಗೆ ರ‍್ಯಾಂಪ್ ಕಟ್ಟಿಸಿದ ದಿನ ಅದನ್ನು ಮೊದಲು ಹತ್ತಿದ್ದು ನಮ್ಮ ವಾಚ್‌ಮನ್ ಯರ್ರಿಸ್ವಾಮಿಯ ಮೋಟರ್ ಸೈಕಲ್ಲು. ಇದು ಗಾಲಿಕುರ್ಚಿಯವರಿಗೆ ಕಟ್ಟಿಸಿದ್ದಪ್ಪಾ ಎಂದರೆ, "ಅವರು ಬರೋತನಕ ಖಾಲಿ ಬಿಡಬೇಕೇನ್ರಿ ಮೇಡಂ? ಹೊರಗ ಬಿಸಿಲಿಗೆ ಸೀಟು ಕಾದು ಹಂಚಾಗೈತಿ" ಎಂದು ನನ್ನನ್ನೇ ಕೇಳಿದ. ಬಳ್ಳಾರಿಯಲ್ಲಿ ಬಿಸಿಲಿನ ಹೆಸರು ಹೇಳಿದರೆ ಎಂಥ ತಪ್ಪಿಗೂ ಮಾಫಿ ಸಿಗುತ್ತದೆ. ಸಂಜೆವರೆಗೆ ಗಾಡಿ ಅಲ್ಲೇ ನೆರಳಲ್ಲಿ ನಿಂತಿತ್ತು.

ನಾನು ಅಂಜನಾ. ಊರಿನ ಒಂದು ಸಣ್ಣ ಟ್ರಸ್ಟ್ ನಡೆಸುವ ಈ ಮ್ಯೂಸಿಯಂನಲ್ಲಿ ಗುತ್ತಿಗೆ ನೌಕರಳು. ವೆಬ್‌ಸೈಟ್ ನೋಡಿಕೊಳ್ಳುವುದು, ಫಲಕಗಳ ಮೇಲೆ ಬರೆಯುವುದು, ಶಾಲೆಯ ಮಕ್ಕಳು ಬಂದಾಗ ಗದರುವುದು ಎಲ್ಲವೂ ನನ್ನ ಪಾಲಿಗೆ. ಎರಡು ವರ್ಷದ ಹಿಂದೆ ಟ್ರಸ್ಟಿಗೆ ಒಂದು ಅನುದಾನ ಸಿಕ್ಕಿತು. ಕಣ್ಣು ಕಾಣದವರು, ಕಿವಿ ಕೇಳದವರು, ನಡೆಯಲಾಗದವರು ಬಂದರೂ ಮ್ಯೂಸಿಯಂ ನೋಡುವಂತಿರಬೇಕು, ಮನೆಯಲ್ಲೇ ಕೂತು ವೆಬ್‌ಸೈಟ್ ತೆರೆದರೂ ಅವರಿಗೆ ಅರ್ಥವಾಗಬೇಕು ಎಂಬುದು ಅದರ ಷರತ್ತು. ನಮ್ಮ ಕ್ಯುರೇಟರ್ ಚನ್ನಬಸವರಾಜ ಸರ್ ಒಳ್ಳೆಯ ಮನುಷ್ಯ, ಆದರೆ ಒಳ್ಳೆಯದು ಮಾಡಲು ಬಹಳ ಅವಸರ. ಬ್ರೈಲ್ ಫಲಕ ಮಾಡಿಸಿ ತಂದು ತಲೆಯಿಂದ ಮೇಲಕ್ಕೆ ಗೋಡೆಗೆ ಹೊಡೆಸಿದರು, ಚೆನ್ನಾಗಿ ಕಾಣಲಿ ಎಂದು. "ಯಾರಿಗೆ ಕಾಣ್ಲಿ ಸರ್?" ಎಂದೆ. ತಾವೇ ನಕ್ಕು ಕೆಳಗಿಳಿಸಿದರು.

ನಾವು ಮಾಡಿದ್ದು ಸರಿಯೋ ತಪ್ಪೋ ಹೇಳಲು ಕಣ್ಣಿಲ್ಲದವರೇ ಒಬ್ಬರು ಬೇಕಾಗಿತ್ತು. ಸತ್ಯನಾರಾಯಣಪೇಟೆಯಲ್ಲಿ ನಮ್ಮ ಹಿಂದಿನ ಓಣಿಯಲ್ಲೇ ಒಬ್ಬರಿದ್ದಾರಲ್ಲ ಎಂದು ನನ್ನ ತಾಯಿ ನೆನಪಿಸಿದಳು. ಹಾಗೆ ಬಂದವರು ಅಕ್ಕನಾಗಮ್ಮ. ಸರಕಾರಿ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಗುಂಡಗಿನ ಮೈ, ಇಸ್ತ್ರಿ ಮಾಡಿದ ಹತ್ತಿ ಸೀರೆ, ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಮಡಚುವ ಬಿಳಿ ಕೋಲು. ಆಟೋದಿಂದ ಇಳಿಯುತ್ತಲೇ, "ಇಲ್ಲೇನೋ ರ‍್ಯಾಂಪ್ ಮಾಡೀರಂತ, ಮತ್ತ ನನ್ನ ಮೊಣಕಾಲಿಗೆ ಬಡಿದಿದ್ದೇನು?" ಎಂದರು. ಯರ್ರಿಸ್ವಾಮಿ ಓಡಿಬಂದು ಗಾಡಿ ತೆಗೆದ. ಆ ಮೇಲೆ ಅದು ಅಲ್ಲಿ ನಿಲ್ಲಲಿಲ್ಲ.

ವೆಬ್‌ಸೈಟ್ ಪರೀಕ್ಷೆ ಶುರುವಾಯಿತು. ಅಕ್ಕನಾಗಮ್ಮನ ಫೋನು ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ತಗಡಿನ ಮೇಲೆ ಜೋಳ ಸುರಿದಂತೆ. ನನಗೆ ಒಂದು ಪದವೂ ತಿಳಿಯಲಿಲ್ಲ, ಅವರು ತಲೆಯಾಡಿಸುತ್ತಾ ಕೇಳಿದರು. ನಾನು ಕಷ್ಟಪಟ್ಟು ಹಾಕಿದ್ದ ಫೋಟೋಗಳ ಪುಟ ಬಂದಾಗ ಫೋನು, "ಚಿತ್ರ, ಐ ಎಂ ಜಿ. ಚಿತ್ರ, ಐ ಎಂ ಜಿ. ಚಿತ್ರ, ಐ ಎಂ ಜಿ" ಎಂದು ಒಂದೇ ಸಮನೆ ಬಡಬಡಿಸಿತು.

"ಏನವ್ವಾ ಇದು? ನಿಮ್ಮ ಮ್ಯೂಸಿಯಂದಾಗ ಎಲ್ಲಾ ದೇವರಿಗೂ ಐಎಂಜಿ ಅಂತನ ಹೆಸರಿಟ್ಟೀರೇನು?"

ನನಗೆ ಮೈಯೆಲ್ಲ ಉರಿಯಿತು. ಆದರೆ ತಪ್ಪು ನಮ್ಮದೇ, ಚಿತ್ರಕ್ಕೆ ವಿವರಣೆ ಬರೆಯದಿದ್ದರೆ ಫೋನು ಫೈಲಿನ ಹೆಸರನ್ನೇ ಓದುತ್ತದೆ. ಅವತ್ತಿನಿಂದ ಒಂದೊಂದೇ ಚಿತ್ರಕ್ಕೆ ವಿವರಣೆ ಬರೆಯುತ್ತಾ ಕೂತೆ. ಕಲ್ಲಿನ ಕೊಡಲಿ ಎಷ್ಟು ಉದ್ದ, ಮೊನೆ ಎಲ್ಲಿ, ಹಿಡಿಯುವ ಕಡೆ ಹೇಗೆ ಸವೆದಿದೆ. ಸಂಜೆ ಅವರು ಮನೆಯಲ್ಲಿ ಕೇಳಿ ಫೋನ್ ಮಾಡುವರು. "ಸುಂದರವಾದ ಮಡಕೆ ಅಂತ ಬರೆದೀ. ಸುಂದರ ಅನ್ನೋದನ್ನ ನಾನು ಹೇಳ್ತೀನಿ, ನೀ ಮಡಕಿ ಹೇಳು." ಎಲ್ಲ ಸಲ ಅವರೇ ಸರಿ ಎಂದೇನಲ್ಲ. ಮಾತಿಗೆ ಮಾತು ಬೆಳೆಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ತಮ್ಮ ಕನ್ನಡವೇ ಕನ್ನಡ, ತಾವು ಕುಡಿಯುವ ಚಹಾವೇ ಚಹಾ. ಹಿಂದೆ ತಮ್ಮ 'ಹಲೋ' ಕೇಳಿದರೆ ಸಾಹೇಬರುಗಳು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದರು ಎಂಬ ಕಥೆಯನ್ನು ನನಗೆ ಬಾಯಿಪಾಠವಾಗುವಷ್ಟು ಹೇಳಿದರು. ಪುಟ್ಟ ತಪ್ಪಿಗೆ ಮಾಡಿದ ಫೋನು ಅರ್ಧ ಗಂಟೆ ನಡೆಯುತ್ತಿತ್ತು. ನನಗೆ ಒಲೆಯ ಮೇಲೆ ಸಾರು ಕುದಿಯುತ್ತಿರುತ್ತಿತ್ತು, ಅವರಿಗೆ ಕುದಿಯುವುದೇನೂ ಇರುತ್ತಿರಲಿಲ್ಲ. ಅದು ತಿಳಿದ ಮೇಲೆ ನಾನು ಫೋನ್ ಬರುವ ಹೊತ್ತಿಗೆ ಒಲೆ ಆರಿಸಿಡತೊಡಗಿದೆ.

ಅಕ್ಕನಾಗಮ್ಮ ಹುಟ್ಟಿದ್ದು ಸಿರುಗುಪ್ಪದಲ್ಲಿ. ತಂದೆ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಶಾಲೆಗೆ ಹಾಕುವ ವಯಸ್ಸಿಗೆ ಮೊದಲೇ ಜ್ವರ ಬಂದು ಕಣ್ಣು ಹೋದವು. ಗಿರಣಿಯ ಅಂಗಳದಲ್ಲಿ ಭತ್ತದ ರಾಶಿಯೊಳಗೆ ಮೊಣಕೈತನಕ ಕೈ ಹಾಕಿ ಕೂತಿರುತ್ತಿದ್ದೆ, ಅದೊಂದು ನೆನಪು ಗಟ್ಟಿಯಾಗಿದೆ ಎನ್ನುತ್ತಿದ್ದರು. ಆಮೇಲೆ ಅಂಧರ ಶಾಲೆ, ಹಾಸ್ಟೆಲ್ಲು, ಬ್ರೈಲು, ಕೊನೆಗೆ ಬಳ್ಳಾರಿಯಲ್ಲಿ ನೌಕರಿ. ಕನ್ನಡದವರಿಗೆ ಕನ್ನಡ, ತೆಲುಗಿನವರಿಗೆ ತೆಲುಗು, ದೊಡ್ಡ ಸಾಹೇಬರಿಗೆ ಹಿಂದಿ. ದಿನವೆಲ್ಲ ಒಬ್ಬರ ದನಿಯನ್ನು ಇನ್ನೊಬ್ಬರಿಗೆ ಜೋಡಿಸಿಕೊಟ್ಟು ಸಂಜೆ ಒಬ್ಬರೇ ಬಾಡಿಗೆ ಕೋಣೆಗೆ ಹೋಗುತ್ತಿದ್ದರು.

ಆ ಕಚೇರಿಗೇ ಕುರ್ಚಿಗಳಿಗೆ ಬೆತ್ತ ಹೆಣೆಯಲು ಬರುತ್ತಿದ್ದವರು ಕುರುಗೋಡಿನ ದೊಡ್ಡಬಸಪ್ಪ. ಹುಟ್ಟಿನಿಂದಲೇ ಕಣ್ಣಿಲ್ಲದವರು. ವರಾಂಡದಲ್ಲಿ ಕೂತು ಹೆಣೆಯುತ್ತಾ ವಚನ ಹೇಳಿಕೊಳ್ಳುವರು, ಒಳಗೆ ಅಕ್ಕನಾಗಮ್ಮ ಫೋನು ಹಿಡಿದು ಕೇಳುವರು. "ಮಂದಿ ಮುಖ ನೋಡಿ ಒಪ್ತಾರವ್ವಾ. ನಾನು ಅಂಗೈ ನೋಡಿ ಒಪ್ಪಿದೆ. ಬೆತ್ತ ಎಳೆದೆಳೆದು ಗಂಟು ಗಂಟಾಗಿತ್ತು, ಆದ್ರ ಹಿಡಿದ್ರ ಹಗೂರ" ಎಂದು ಒಮ್ಮೆ ಹೇಳಿದರು. ಎರಡೂ ಮನೆಯವರು ಬೇಡವೆಂದರು. ಕುರುಡರಿಬ್ಬರು ಸೇರಿ ಏನು ಸಂಸಾರ ಮಾಡಿಯಾರು ಎಂಬ ಚಿಂತೆ. ಮಾಡಿದರು, ಚೆನ್ನಾಗಿಯೇ ಮಾಡಿದರು. ಮಕ್ಕಳಾಗಲಿಲ್ಲ.

ಇಬ್ಬರೂ ಎಲ್ಲಿಗೆ ಹೋದರೂ ಕೈ ಕೈ ಹಿಡಿದೇ ಹೋಗುವರು. ನಾನು ಸಣ್ಣವಳಿದ್ದಾಗ ನೋಡಿದ್ದೇನೆ. ಸಂತೆಗೆ, ಬ್ಯಾಂಕಿಗೆ, ಕುರುಗೋಡಿನ ಬಸ್ಸಿಗೆ. ಓಣಿಯ ಕಟ್ಟೆಯ ಮೇಲೆ ಕೂತ ಪೋಲಿಗಳು ನಕ್ಕರೆ ದೊಡ್ಡಬಸಪ್ಪ ನಿಂತು, "ಏ, ಮದುವಿಯಾಗಿ ಇಪ್ಪತ್ತು ವರ್ಷ ಆದ ಮ್ಯಾಲ ನೀವು ಹೆಂಡ್ತಿ ಕೈ ಹಿಡಿದು ತೋರಿಸ್ರಲೇ ನೋಡೋಣ" ಎನ್ನುವರು. ದೊಡ್ಡವರಾದ ಮೇಲೆ ನಾವೆಲ್ಲ ನಮ್ಮ ನಮ್ಮ ಗಂಡಂದಿರ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆದವರೇ.

ಕೊರೊನಾದ ಎರಡನೇ ಅಲೆಯಲ್ಲಿ ದೊಡ್ಡಬಸಪ್ಪ ಹೋದರು. ಆಸ್ಪತ್ರೆಗೆ ಸೇರಿಸಿದ ಮೇಲೆ ಅಕ್ಕನಾಗಮ್ಮನನ್ನು ಹತ್ತಿರ ಬಿಡಲಿಲ್ಲ. ಅದು ಎಲ್ಲರಿಗೂ ಇದ್ದ ನಿಯಮ, ಬೈಯುವುದಾದರೆ ರೋಗವನ್ನೇ ಬೈಯಬೇಕು. ಕೊನೆಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೇಲೆ ಕರೆದರಂತೆ.

"ದೂರದಿಂದ ಮುಖ ತೋರಿಸ್ತೀವಿ ಬರ್ರಿ ಅಂದ್ರು. ತೋರಿಸಿದ್ರ ನನಗೇನು ಬಂತು? ಒಂದು ಬೆರಳಾದ್ರೂ ಹೊರಗ ಬಿಡ್ರಪ್ಪಾ, ಮುಟ್ತೀನಿ ಅಂದೆ. ಆಗಂಗಿಲ್ಲ ಅಂದ್ರು. ಅವರು ಸತ್ರು ಅಂತ ನನಗ ಮಂದಿ ಹೇಳಿದ್ದವ್ವಾ. ನಾನಾಗಿ ನೋಡಿಲ್ಲ."

ಬಳೆ ತೆಗೆಸುವುದಕ್ಕೂ ಯಾರೂ ಬರಲಿಲ್ಲ. ಬರುವ ಕಾಲವೇ ಅಲ್ಲ ಅದು. ಪದ್ಧತಿ ಎಂದು ತಾವೇ ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರಂತೆ. ಕುರುಗೋಡಿನ ಮೈದುನರು ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾರೆ. ಸಿರುಗುಪ್ಪದಲ್ಲಿ ಈಗ ತಮ್ಮವರೆನ್ನುವವರು ಉಳಿದಿಲ್ಲ.

ಇದನ್ನೆಲ್ಲ ಅವರು ಅತ್ತುಕೊಂಡು ಹೇಳಿದ್ದಲ್ಲ. ಚಹಾ ಆರಿಸುತ್ತಾ ಹೇಳಿದ್ದು. ಅಳು ನನಗೇ ಬಂತು. ಅದು ಅವರ ಕಿವಿಗೆ ಬಿದ್ದು, "ಮೂಗು ಒರೆಸ್ಕೊ" ಎಂದು ಗದರಿದರು.

ಆ ಕಲ್ಲು ಬಂದದ್ದು ಮಳೆಗಾಲ ಕಳೆದ ಮೇಲೆ. ರೂಪನಗುಡಿ ಕಡೆಯ ಹೊಲವೊಂದರಲ್ಲಿ ಕಾಲುವೆ ಅಗೆಯುವಾಗ ಸಿಕ್ಕ ಮಾಸ್ತಿಗಲ್ಲು. ಗಂಡನ ಚಿತೆಯೇರಿ ಸತ್ತ ಹೆಂಗಸಿಗೆ ಹಿಂದಿನವರು ನೆಡುತ್ತಿದ್ದ ಕಲ್ಲು ಅದು. ಆಳೆತ್ತರದ ಕಂಬ, ಅದರಿಂದ ಹೊರಬಂದು ಮೊಣಕೈಯಲ್ಲಿ ಮೇಲಕ್ಕೆ ಮಡಿಚಿದ ಒಂದು ತೋಳು, ತೋಳಿಗೆ ತುಂಬ ಬಳೆ, ಮುಂದೆ ಬಿಚ್ಚಿದ ಅಂಗೈ, ಹೆಬ್ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಹರಸುವ ಕೈ ಎಂದು ಪುಸ್ತಕದವರು ಬರೆಯುತ್ತಾರೆ. ನನಗೇನೋ ಸಾಕು ನಿಲ್ಲಿಸಿ ಎಂದು ಎತ್ತಿದ ಕೈಯಂತೆ ಕಾಣುತ್ತದೆ. ಫಲಕದ ಮೇಲೆ ಹಾಗೆ ಬರೆಯಲು ಸರ್ ಬಿಡಲಿಲ್ಲ.

ಆದರೆ ಅವರು ಒಂದು ಒಳ್ಳೆಯ ಕೆಲಸ ಮಾಡಿದರು. "ಇಷ್ಟು ಕಾಲ ಮಳೆ ಬಿಸಿಲಿಗೆ ಏನೂ ಆಗದ ಕಲ್ಲು, ನಾಲ್ಕು ಮಂದಿ ಕೈಗೆ ಏನಾದೀತು? ಇದನ್ನ ಮುಟ್ಟಾಕ ಬಿಡೋಣ" ಎಂದರು. ಗಾಜಿಲ್ಲ, ಕಂಬಿಯಿಲ್ಲ. ಪಕ್ಕದಲ್ಲಿ ಸೊಂಟದೆತ್ತರಕ್ಕೆ ಬ್ರೈಲ್ ಫಲಕ, ಅದರ ಮೇಲೆ ಕನ್ನಡ ತೆಲುಗು ಎರಡರಲ್ಲೂ 'ಮುಟ್ಟಿ ನೋಡಿ'.

ಅಕ್ಕನಾಗಮ್ಮನನ್ನೇ ಮೊದಲು ಕರೆದೆ. ಅವರು ಕೋಲು ಮಡಚಿ ನನ್ನ ಕೈಗೆ ಕೊಟ್ಟು ಬುಡದಿಂದ ಶುರುಮಾಡಿದರು. ಬುಡದ ಉಬ್ಬುಚಿತ್ರ, ಕಂಬ, ಮೊಣಕೈ. ಬಳೆಗಳ ಮೇಲೆ ಬೆರಳಾಡಿಸಿ "ತುಂಬ ತೊಟ್ಟಾಳ" ಎಂದರು. ಆಮೇಲೆ ಅಂಗೈ ಸಿಕ್ಕಿತು. ತಮ್ಮ ಬಲಗೈ ಎತ್ತಿ ಅದಕ್ಕೆ ಒತ್ತಿ ಇಟ್ಟರು, ಬೆರಳಿಗೆ ಬೆರಳು ಕೂಡಿಸಿ. ಹಾಗೇ ನಿಂತರು. ಎಷ್ಟೋ ಹೊತ್ತು ನಿಂತರು. ಹೇಗಿದೆ ಎಂದು ವರದಿ ಬರೆಯಬೇಕಿತ್ತು, ನಾನು ಪೆನ್ನು ಮುಚ್ಚಿಟ್ಟೆ.

"ಮುಂದಿನ ವಾರ ಬರ್ಲೇನವ್ವಾ?" ಎಂದು ಹೋಗುವಾಗ ಕೇಳಿದರು. ಯಾವತ್ತೂ ಯಾರ ಅಪ್ಪಣೆಯನ್ನೂ ಕೇಳದವರು.

ಅಂದಿನಿಂದ ಪ್ರತಿ ಗುರುವಾರ ಬರತೊಡಗಿದರು. ಊಟ ಮುಗಿಸಿ, ಜನ ಇಲ್ಲದ ಹೊತ್ತು ನೋಡಿ ಬಂದು, ಕಲ್ಲಿನ ಕೈಗೆ ಕೈ ಕೊಟ್ಟು ನಿಲ್ಲುವರು. ವೆಬ್‌ಸೈಟಿನ ಕೆಲಸ ಮುಗಿದು ತಿಂಗಳುಗಳಾಗಿದ್ದವು. ಒಂದು ದಿನ ನಾನು ತಮಾಷೆಗೆ, "ಏನ್ರಿ ಅಮ್ಮಾ, ಮಾಸ್ತಿಯಮ್ಮನ ಜೋಡಿ ಏನು ಗುಟ್ಟು?" ಎಂದೆ.

"ಗುಟ್ಟೇನೂ ಇಲ್ಲ. ನನಗ ಕೈ ಹಿಡಿಯಾಕ ಯಾರೂ ಇಲ್ಲ" ಎಂದರು ಅವರು. "ರಸ್ತೆ ದಾಟಿಸೋರು ಮುಂಗೈ ಹಿಡೀತಾರ, ಮೊಣಕೈ ಹಿಡೀತಾರ, ಕೆಲವರು ಕೋಲಿನ ತುದಿ ಹಿಡಿದು ಎಳೀತಾರ, ಎಮ್ಮಿ ಎಳೆದಂಗ. ಪುಣ್ಯಾತ್ಮರು, ಬ್ಯಾಡ ಅನ್ನಂಗಿಲ್ಲ. ಆದ್ರ ಅಂಗೈಗೆ ಅಂಗೈ ಇಟ್ಟವರು ಅವರು ಹೋದ ಮ್ಯಾಲ ಒಬ್ರೂ ಇಲ್ಲ. ಈ ಕಲ್ಲು ಅವರ ಕೈ ಹಂಗ ಒರಟು ಐತಿ. ಇಷ್ಟ ನೋಡು."

ಇಷ್ಟೇ. ಅವರಿಗೆ ಬೇಕಾಗಿದ್ದುದು ವಾರಕ್ಕೊಮ್ಮೆ ಹತ್ತು ನಿಮಿಷ ಒಂದು ಕಲ್ಲಿನ ಕೈ. ಯಾರ ಗಂಟೂ ಹೋಗುತ್ತಿರಲಿಲ್ಲ.

ಕಲ್ಲಿನ ಫೋಟೋ, ವಿವರ ಎಲ್ಲ ವೆಬ್‌ಸೈಟಿಗೆ ಹಾಕಿದ್ದೆನಲ್ಲ, ಅದು ಹೇಗೋ ಫೋನಿಂದ ಫೋನಿಗೆ ಹಾರಿ ರೂಪನಗುಡಿ ಮುಟ್ಟಿತು. ಒಂದು ಮಂಗಳವಾರ ಆ ಹೊಲದವರ ಮನೆಯ ಯಂಕಮ್ಮ ಸೊಸೆಯರನ್ನು ಕರೆದುಕೊಂಡು ಬಂದಳು. ಗಟ್ಟಿ ಹೆಂಗಸು, ಹಣೆಗೆ ಕಾಸಗಲ ಕುಂಕುಮ. 'ಮುಟ್ಟಿ ನೋಡಿ' ಎಂಬುದನ್ನು ಸೊಸೆ ಓದಿ ಹೇಳಿದಳು. ಯಂಕಮ್ಮ ಮುಟ್ಟಿದಳು, ಕಣ್ಣಿಗೊತ್ತಿಕೊಂಡಳು. ತಾಯಿಯನ್ನು ಬರಿಗೈಲಿ ಮುಟ್ಟಿ ಹಾಗೇ ಹೋಗುವುದುಂಟೆ? ಸೆರಗಿನ ಗಂಟಿನಿಂದ ಅರಿಶಿನ ಕುಂಕುಮ ತೆಗೆದು ಹಚ್ಚಿದಳು.

ನಮ್ಮ ಜನರ ಸ್ವಭಾವ ನಮಗೇ ತಿಳಿಯಲಿಲ್ಲ ನೋಡಿ. ಬೇರೆಲ್ಲಿಯಾದರೂ ಕಲ್ಲನ್ನು ಮುಟ್ಟಿ ಎಂದರೆ ಮುಟ್ಟಿ ಮುಂದೆ ಹೋಗುತ್ತಾರೇನೋ. ಇಲ್ಲಿ ಮುಟ್ಟಿದ ಕಲ್ಲು ಮೂರು ದಿನದಲ್ಲಿ ದೇವರು. ಶುಕ್ರವಾರ ಎಣ್ಣೆ ಬಂತು. ಮುಂದಿನ ಮಂಗಳವಾರ ಹಸಿರು ಕುಬಸದ ಕಣ. ಕಲ್ಲಿನ ತೋಳಿಗೆ ಗಾಜಿನ ಬಳೆ ಏರಿದವು. ಮೋಕಾದಿಂದ ಟಂಟಂ ಆಟೋ ಮಾಡಿಕೊಂಡು ಬಂದ ಹೆಂಗಸರು ಉಡಿ ತುಂಬಿ ಹೋದರು. ಯರ್ರಿಸ್ವಾಮಿ ತೆಂಗಿನಕಾಯಿ ಹೋಳು ಆರಿಸಿಕೊಂಡು ಮನೆಯಲ್ಲಿ ಚಟ್ನಿಗೆ ಕೊರತೆಯಿಲ್ಲ ಎಂದು ಹಿಗ್ಗಿದ. ಬ್ರೈಲ್ ಫಲಕದ ಚುಕ್ಕಿಗಳೆಲ್ಲ ಎಣ್ಣೆ ಕುಂಕುಮದಲ್ಲಿ ಮುಚ್ಚಿಹೋದವು. ಗುರುವಾರ ಬೆಳಿಗ್ಗೆ ನಾನು ಹಲ್ಲುಜ್ಜುವ ಬ್ರಷ್ ತಂದು ತಿಕ್ಕುವೆ, ಶುಕ್ರವಾರ ಮತ್ತೆ ಅದೇ ಪಾಡು.

"ಸರ್, ಇದು ಮ್ಯೂಸಿಯಮ್ಮೋ ಗುಡಿಯೋ?" ಎಂದು ಕೇಳಿದೆ. ಸರ್ ಮೀಸೆ ಸವರಿದರು. "ಜನ ಬರಾಕ ಹತ್ಯಾರಲ್ಲ ಅಂಜನಾ. ಹಿಂದ ಯಾವತ್ತರ ಇಷ್ಟು ಜನ ಬಂದಿದ್ರಾ?" ಬಂದಿರಲಿಲ್ಲ, ಅದೂ ನಿಜ.

ಅಕ್ಕನಾಗಮ್ಮ ಬೆರಳು ಮೂಸಿ ನೋಡಿಕೊಂಡು, "ಅರಿಶಿಣ ಜಾಸ್ತಿ ಆತು, ಕೈ ಜಾರ್ತೈತಿ" ಎಂದು ನಕ್ಕರು. ಸೀರೆಯ ಸೆರಗಿನಿಂದ ಕಲ್ಲಿನ ಅಂಗೈಯನ್ನು ಒರೆಸಿ ತಮ್ಮ ಕೈ ಇಟ್ಟು ನಿಲ್ಲುವರು. ಅವರ ಗುರುವಾರಕ್ಕೆ ಯಾರ ಕಾಟವೂ ಇರಲಿಲ್ಲ.

ಒಂದು ಗುರುವಾರವೇ ಅಮಾವಾಸ್ಯೆ ಬಿತ್ತು.

ಅವತ್ತು ಒಳಗೆ ಹೆಂಗಸರ ಸಾಲು. ನಾನು ಶಾಲೆಯ ಗುಂಪೊಂದರ ಜೊತೆ ಆಚೆ ಕೋಣೆಯಲ್ಲಿದ್ದೆ. ಬರುವಷ್ಟರಲ್ಲಿ ಅಕ್ಕನಾಗಮ್ಮ ಕಲ್ಲಿನ ಹತ್ತಿರ ಹೋಗಿ ಕೈ ಚಾಚಿದ್ದರು. ಯಂಕಮ್ಮ ಅವರ ಮುಂಗೈ ಹಿಡಿದು ತಡೆದಿದ್ದಳು. ಒರಟಾಗಿ ಏನಲ್ಲ, ದನಿ ಮೆತ್ತಗೇ ಇತ್ತು.

"ಅಮ್ಮಾ, ತಪ್ಪು ತಿಳೀಬ್ಯಾಡ್ರಿ. ನಿಮಗ ಯಜಮಾನ್ರು ಅದಾರೇನ್ರಿ?"

"ಇಲ್ಲವ್ವಾ" ಎಂದರು ಅಕ್ಕನಾಗಮ್ಮ. ಇದ್ದಾರೆ ಎಂದಿದ್ದರೆ ಯಾರಿಗೆ ತಿಳಿಯುತ್ತಿತ್ತು?

"ಈಕಿ ಮುತ್ತೈದಿ ತಾಯಿ. ಬಳಿ ತೊಟ್ಟುಕೊಂಡ ಹೋದಾಕಿ. ನಾವು ಉಡಿ ತುಂಬಾಕ ಬಂದೀವಿ. ನೀವು ಮುಟ್ಟಬಾರದ್ರಿ. ದೂರದಿಂದ ಕೈ ಮುಗೀರಿ, ತಾಯಿ ಎಲ್ಲಾರಿಗೂ ತಾಯಿನ."

"ದೂರದಿಂದ ನನಗ ಏನೂ ಇಲ್ಲವ್ವಾ" ಎಂದರು ಅಕ್ಕನಾಗಮ್ಮ.

ಯಾರೋ ಹಿಂದಿನಿಂದ "ಲಗೂ ಮಾಡ್ರಿ, ಬಸ್ ಐತಿ" ಎಂದರು. ಅಕ್ಕನಾಗಮ್ಮ ಕೈ ಹಿಂತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡರು. ಫೋನಿನಲ್ಲಿ ನನ್ನನ್ನು ಹಣ್ಣುಗಾಯಿ ಮಾಡುವ ಹೆಂಗಸು ಅಲ್ಲಿ ಜಗಳಕ್ಕೆ ನಿಲ್ಲಲಿಲ್ಲ. ಬಳೆಗಳನ್ನು ತಾವೇ ತೆಗೆದಿಟ್ಟವರಲ್ಲವೇ, ಆ ಪದ್ಧತಿ ಅವರ ಒಳಗೂ ಇತ್ತು. ನನಗೆ ಸಿಟ್ಟು ಬಂದದ್ದು ಅದಕ್ಕೇ ಹೆಚ್ಚು.

ನಾನು ಸುಮ್ಮನಿರಲಿಲ್ಲ. ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ. "ಈ ಕಲ್ಲು ಇಲ್ಲಿ ನಿಂತಿರೋದೇ ಇವರ ಸಲುವಾಗಿ! ಮೊದಲು ಮುಟ್ಟಿದವರೇ ಇವರು! ನೀವೆಲ್ಲಿಂದ ಬಂದ್ರಿ?" ಎಂದು ಕೂಗಿದೆ. ಯಂಕಮ್ಮನಿಗೂ ಗಂಟಲು ಇತ್ತು. "ನಮ್ಮ ಹೊಲದಾಗ ಎದ್ದ ತಾಯಿ. ನಮ್ಮನ್ನ ಎಲ್ಲಿಂದ ಬಂದ್ರಿ ಅಂತೀಯೇನು?" ಮಾತಿಗೆ ಮಾತು ಹತ್ತಿತು. ಮಕ್ಕಳು ಓಡಿಬಂದು ನೋಡಿದರು, ಯಾರೋ ವಿಡಿಯೋ ಮಾಡಿದರು, ಕುಂಕುಮದ ಬಟ್ಟಲು ಬಿದ್ದು ನೆಲವೆಲ್ಲ ಕೆಂಪಾಯಿತು. ಈ ಗದ್ದಲದಲ್ಲಿ ಅಕ್ಕನಾಗಮ್ಮ ಯಾವಾಗ ಹೊರಗೆ ಹೋದರೋ ನಾನು ನೋಡಲಿಲ್ಲ. ಯರ್ರಿಸ್ವಾಮಿ ಆಟೋ ಹತ್ತಿಸಿ ಕಳಿಸಿದ್ದ.

ವಿಡಿಯೋ ಟ್ರಸ್ಟಿನವರಿಗೆ ಮುಟ್ಟಿತು. ಮ್ಯೂಸಿಯಂನಲ್ಲಿ ಪೂಜೆಯೂ ಬೇಡ, ಜಗಳವೂ ಬೇಡ ಎಂದು ಸಭೆ ಮಾಡಿ ತೀರ್ಮಾನಿಸಿದರು. ಮರುವಾರವೇ ಕಲ್ಲಿನ ಸುತ್ತ ನೆಲದಿಂದ ಮೇಲಿನವರೆಗೆ ದಪ್ಪ ಗಾಜು ಬಂತು. 'ಮುಟ್ಟಿ ನೋಡಿ' ಹೋಗಿ 'ಮುಟ್ಟಬೇಡಿ' ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಇಲ್ಲಿ ಎಮ್ಮೆಗೂ ಬರೆ, ಎತ್ತಿಗೂ ಬರೆ. "ಎಲ್ಲಾರಿಗೂ ಒಂದ ನಿಯಮ ಆದ್ರ ಯಾರೂ ಮಾತಾಡಂಗಿಲ್ಲ" ಎಂದರು ಸರ್. ನನ್ನ ಮುಖ ನೋಡಿ ಹೇಳಲಿಲ್ಲ, ಕಿಟಕಿ ಕಡೆ ನೋಡಿ ಹೇಳಿದರು. "ಕಣ್ಣಿಲ್ಲದವರಿಗೆ ಗುರುವಾರ ಗಾಜು ತೆಗೀರಿ ಸರ್" ಎಂದು ಬೇಡಿಕೊಂಡೆ. ಅಂಥ ಗಾಜಲ್ಲ ಅದು, ಸಿಮೆಂಟು ಹಾಕಿ ಕೂಡಿಸಿದ್ದು. ಫೈಬರಿನಲ್ಲಿ ಅಂಥದೇ ಕೈ ಮಾಡಿಸಿ ಹೊರಗಿಡೋಣ ಎಂದರು. ಅದು ಇನ್ನೂ ಬಂದಿಲ್ಲ.

ಗಾಜು ಕೂಡಿಸಿದ್ದನ್ನು ನಾನೇ ಫೋನ್ ಮಾಡಿ ತಿಳಿಸಿದೆ. "ಗೊತ್ತಾತು" ಎಂದಷ್ಟೇ ಅಂದರು. ಆದರೂ ಗುರುವಾರ ಬಂದರು. ಎಂದಿನ ಹೊತ್ತಿಗೆ, ಎಂದಿನಂತೆ ಇಸ್ತ್ರಿ ಸೀರೆಯಲ್ಲಿ. ಕೋಲು ಮಡಚಿ ನನಗೆ ಕೊಟ್ಟು ಎರಡೂ ಕೈ ಮುಂದೆ ಮಾಡಿ ಹೋದರು. ಬೆರಳು ಗಾಜಿಗೆ ತಾಗಿದವು. ಮೇಲೆ, ಕೆಳಗೆ, ಈ ಅಂಚು, ಆ ಅಂಚು ಎಲ್ಲ ಸವರಿದರು. ಎಲ್ಲೂ ಸಂದಿಲ್ಲ. ಅವರ ಕೈಗೂ ಆ ಕೈಗೂ ನಡುವೆ ಒಂದು ಗೇಣು ಇದ್ದೀತು. ಆ ಕೈ ಅಲ್ಲೇ ಇದೆ ಎಂದು ನನಗೆ ಕಾಣುತ್ತಿತ್ತು. ಅವರ ಪಾಲಿಗೆ ಅಲ್ಲಿ ಏನೂ ಇರಲಿಲ್ಲ.

"ನುಣ್ಣಗೈತಿ" ಎಂದರು.

ನಾನು ತಡೆಯಲಾರದೆ ನನ್ನ ಬಲಗೈಯನ್ನು ಅವರ ಅಂಗೈಗೆ ಕೊಟ್ಟೆ. "ನಾನಿದೀನಲ್ರಿ ಅಮ್ಮಾ. ನನ್ನ ಕೈ ಹಿಡ್ಕೊಳ್ರಿ. ಬೇಕಾದಾಗ ಬರ್ರಿ, ಹಿಡ್ಕೊಳ್ರಿ."

ಅವರು ಹಿಡಿದರು. ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ಆಮೇಲೆ ಇನ್ನೊಂದು ಕೈಯಿಂದ ನನ್ನ ಕೈ ತಟ್ಟಿ ಮೆಲ್ಲಗೆ ಬಿಟ್ಟರು.

"ಮೆತ್ತಗೈತಿ ನಿನ್ನ ಕೈ. ಬ್ಯಾಡ ಅಂತಲ್ಲವ್ವಾ. ನಿನಗ ಕೆಲಸ ಐತಿ, ಮನಿ ಐತಿ. ಈಕಿ ಯಾವಾಗ ಕೈ ಬಿಡಿಸ್ಕೊಳ್ತಾಳೋ ಅಂತ ನಾನು ಹಿಡಿದಷ್ಟು ಹೊತ್ತೂ ಅದನ್ನ ನೆನಸ್ಕೋತ ನಿಲ್ಲಬೇಕಾಗ್ತೈತಿ. ಕಲ್ಲಿಗೆ ಅದಿರಲಿಲ್ಲ."

ಅಲ್ಲ, ನಾನು ಬಿಡಿಸಿಕೊಳ್ಳುವುದಿಲ್ಲ ಎನ್ನಬೇಕೆಂದುಕೊಂಡೆ. ಆಚೆ ಕೋಣೆಯಿಂದ ಯರ್ರಿಸ್ವಾಮಿ, "ಮೇಡಂ, ಸಾಲಿ ಹುಡುಗರು ಬಂದ್ರು" ಎಂದು ಕೂಗಿದ. ನಾನು ಆ ಕಡೆ ತಿರುಗಿದೆ. ಅಕ್ಕನಾಗಮ್ಮ ನಕ್ಕರು, ಸಿಟ್ಟಿನ ನಗೆಯಲ್ಲ. ಕೋಲು ಬಿಚ್ಚಿಕೊಂಡು ಬಾಗಿಲ ಕಡೆ ಹೊರಟರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು. ಬಹಳ ದಿನದ ಮೇಲೆ ಆಪರೇಟರ್ ದನಿ.

"ಅಂಜನಾ, ಆ ಕಲ್ಲಿನ ಪುಟ ಕೇಳಿದೆ. ಅದರಾಗ ಇನ್ನೂ 'ಈ ಕಲ್ಲನ್ನು ಮುಟ್ಟಿ ನೋಡಬಹುದು' ಅಂತ ಐತಿ."

"ಹೌದ್ರಿ, ಮರೆತಿದ್ದೆ. ನಾಳೆ ತೆಗೀತೀನಿ."

"ನಾಳೆ ಅಲ್ಲ, ಈಗ ತೆಗಿ. ಕಣ್ಣಿಲ್ಲದವರು ಯಾರರ ಅದನ್ನ ಕೇಳಿ, ಖರೇ ಅಂತ ತಿಳಿದು, ಸಿರುಗುಪ್ಪದಿಂದ ಬಸ್ ಹತ್ತಿ ಬಂದಾರು."

ನಾನು ಲ್ಯಾಪ್‌ಟಾಪ್ ತೆರೆದು ಆ ಸಾಲು ಅಳಿಸಿದೆ. "ತೆಗೆದೀನ್ರಿ" ಎಂದೆ. ಅವರು ಕರೆ ಕಟ್ ಮಾಡದೆಯೇ ಆ ಪುಟವನ್ನು ಮತ್ತೆ ಮೊದಲಿಂದ ಕೇಳಿದರು. ಜೋಳ ಸುರಿದಂಥ ಆ ದನಿ ನನಗೂ ಕೇಳಿಸುತ್ತಿತ್ತು, ಈಗ ನನಗೂ ತಿಳಿಯುತ್ತದೆ. ಕಂಬ, ಮೊಣಕೈ, ಬಳೆ, ಬಿಚ್ಚಿದ ಅಂಗೈ, ನಿಂಬೆಹಣ್ಣು. ಅಲ್ಲಿಂದ ನೇರವಾಗಿ ಕೊನೆಯ ಸಾಲು, ಮ್ಯೂಸಿಯಂಗೆ ಸೋಮವಾರ ರಜೆ.

"ಈಗ ಸರಿ ಓದ್ತೈತಿ" ಎಂದು ಅಕ್ಕನಾಗಮ್ಮ ಫೋನ್ ಇಟ್ಟರು.